ಮಿದುಳಿನ ಗಡ್ಡೆಯೂ ಆಲೋಚನೆಯ ಜಾಲವೂ

ಮಿದುಳಿನಲ್ಲಿ ಗಡ್ಡೆ ಇದೆಯೆಂದು ವೈದ್ಯರು ಹೇಳಿದಾಗ ಮನೆಯವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಜೀವ ಉಳಿಯುವುದೇ? ಕೈಕಾಲು ಬಿದ್ದುಹೋಗುವುದೇ, ಮಾತು ನಿಲ್ಲುವುದೇ ಎಂಬುದು ಎರಡನೆಯ ಪ್ರಶ್ನೆ. ಶಸ್ತ್ರಚಿಕಿತ್ಸೆ ಮುಗಿದು, ರೋಗಿ ಕಣ್ತೆರೆದು, ಮಕ್ಕಳನ್ನು ಹೆಸರು ಹಿಡಿದು ಕರೆದು, ನಾಲ್ಕು ಹೆಜ್ಜೆ ನಡೆದರೆ ಎಲ್ಲರೂ ಗೆದ್ದೆವೆಂದು ಭಾವಿಸುತ್ತಾರೆ. ಹಾಗೆ ಭಾವಿಸುವುದು ಸಹಜವೇ. ಮೂರನೆಯ ಪ್ರಶ್ನೆ ತಲೆದೋರುವುದು ಕೆಲವು ತಿಂಗಳುಗಳ ತರುವಾಯ. ಅದೂ ಪ್ರಶ್ನೆಯ ರೂಪದಲ್ಲಲ್ಲ, ದೂರಿನ ರೂಪದಲ್ಲಿ. ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದವರು ಈಗ ಕೂಡಿಸಿದ್ದನ್ನೇ ಮತ್ತೆ ಕೂಡಿಸುತ್ತಾರೆ. ಹಿಡಿದ ಕೆಲಸವನ್ನು ಅರ್ಧಕ್ಕೇ ಬಿಡುತ್ತಾರೆ. ಮನೆಗೆ ನಾಲ್ಕು ಜನ ಬಂದು ಮಾತಿಗೆ ಕುಳಿತರೆ ಎದ್ದು ಒಳಗೆ ಹೋಗುತ್ತಾರೆ. "ಸೋಮಾರಿಯಾಗಿಬಿಟ್ಟರು", "ಮೊದಲಿನ ಹಾಗಿಲ್ಲ", "ಬೇಕೆಂದೇ ಹೀಗೆ ಮಾಡುತ್ತಾರೆ" ಎಂಬ ಮಾತುಗಳು ಮನೆಯಲ್ಲಿ ಕೇಳತೊಡಗುತ್ತವೆ.

ಈ ದೂರು ಸುಳ್ಳಲ್ಲ, ಆದರೆ ಅದಕ್ಕಿಟ್ಟ ಹೆಸರು ತಪ್ಪು. ಸೋಮಾರಿತನವೆಂದು ಕಾಣುವುದು ಬಹಳ ಸಲ ರೋಗದ್ದೇ ಒಂದು ಲಕ್ಷಣ. ಗಡ್ಡೆ ಮಿದುಳಿನ ಯಾವ ಮೂಲೆಯಲ್ಲಿದ್ದರೂ ಈ ಲಕ್ಷಣ ತೋರಬಹುದು ಎಂಬುದು ಕಳೆದ ಎರಡು ದಶಕಗಳ ಸಂಶೋಧನೆಯಿಂದ ತಿಳಿದುಬಂದ ಸಂಗತಿ. ಅದನ್ನು ಅರಿಯಲು ಸುಮಾರು ನೂರು ವರ್ಷ ಹಿಂದಿನ ಒಂದು ಅಡುಗೆಮನೆಯನ್ನು ನೋಡಿ ಬರಬೇಕು.

ಅಕ್ಕನ ಅಡುಗೆಮನೆ

ವೈಲ್ಡರ್ ಪೆನ್‌ಫೀಲ್ಡ್ ಕೆನಡಾದ ಮಾಂಟ್ರಿಯಲ್ ನಗರದ ಪ್ರಸಿದ್ಧ ನರಶಸ್ತ್ರವೈದ್ಯರು. 1934ರಲ್ಲಿ ಅಲ್ಲಿನ ನರವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದವರು. ಅವರ ಅಕ್ಕ ರೂತ್ ಆರು ಮಕ್ಕಳ ತಾಯಿ. ಬಹುಕಾಲದಿಂದ ತಲೆನೋವು, ಮೂರ್ಛೆಗಳಿಂದ ಬಳಲುತ್ತಿದ್ದರು. ಹಣೆಯ ಹಿಂದೆ, ಮಿದುಳಿನ ಬಲಭಾಗದಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆಯೊಂದು ಪತ್ತೆಯಾಯಿತು. 1928ರ ಡಿಸೆಂಬರಿನಲ್ಲಿ ತಮ್ಮನೇ ಅಕ್ಕನ ತಲೆಬುರುಡೆಯನ್ನು ತೆರೆದು, ಗಡ್ಡೆಯೊಡನೆ ಮಿದುಳಿನ ಬಲ ಹಣೆಭಾಗದ ಬಹುಪಾಲನ್ನು ತೆಗೆದರು. ಒಡಹುಟ್ಟಿದವಳ ಮೇಲೆ ಚಾಕು ಹಿಡಿಯುವುದು ಸರಿಯೇ ಎಂಬ ಪ್ರಶ್ನೆ ಇಂದು ಯಾರಿಗಾದರೂ ಬರುತ್ತದೆ. ಆದರೆ ಈ ಕೆಲಸದಲ್ಲಿ ನುರಿತವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟೇ ಇದ್ದರು.

ರೂತ್ ಚೇತರಿಸಿಕೊಂಡರು. ಮಾತು, ನಡಿಗೆ, ನಗು, ನೆನಪು ಯಾವುದರಲ್ಲೂ ಕೊರತೆ ಕಾಣಲಿಲ್ಲ. ವೈದ್ಯಕೀಯ ತಪಾಸಣೆಯಲ್ಲಿಯೂ ಹೇಳಿಕೊಳ್ಳುವಂಥ ದೋಷ ಸಿಗಲಿಲ್ಲ. ಸುಮಾರು ಒಂದೂಕಾಲು ವರ್ಷದ ನಂತರ ಅವರು ಒಂದು ರಾತ್ರಿಯೂಟ ಏರ್ಪಡಿಸಿದರು. ಅತಿಥಿ ಒಬ್ಬರೇ, ತಮ್ಮ ಪೆನ್‌ಫೀಲ್ಡ್. ಉಳಿದವರು ಮನೆಯ ನಾಲ್ವರು. ಸಂತೋಷದಿಂದ ಎದುರುನೋಡಿದ ಊಟ, ಸಿದ್ಧತೆಗೆ ಇಡೀ ದಿನದ ಬಿಡುವು. ಊಟದ ಹೊತ್ತಿಗೆ ಪೆನ್‌ಫೀಲ್ಡ್ ಅಡುಗೆಮನೆಗೆ ಹೋಗಿ ನೋಡಿದರೆ ಸಾಮಾನುಗಳೆಲ್ಲ ಇವೆ, ಒಲೆಯ ಮೇಲೆ ಒಂದೆರಡು ಪಾತ್ರೆಗಳೂ ಇವೆ. ಆದರೆ ಹಸಿ ತರಕಾರಿಯ ಸಲಾಡ್ ಸಿದ್ಧವಾಗಿಲ್ಲ, ಮಾಂಸವನ್ನು ಒಲೆಗೆ ಏರಿಸಿಯೇ ಇಲ್ಲ. ಒಬ್ಬರೇ ಬಹಳ ಹೊತ್ತು ಹೆಣಗಾಡಿ ದಿಕ್ಕುತೋಚದೆ ನಿಂತಿದ್ದಾರೆ ಅಕ್ಕ. ಇನ್ನೊಬ್ಬರು ಕೈಜೋಡಿಸಿದೊಡನೆ ಅಡುಗೆ ಬೇಗನೆ ಮುಗಿಯಿತು, ಊಟದಲ್ಲಿ ರೂತ್ ಎಂದಿನಂತೆ ನಗುನಗುತ್ತ ಮಾತನಾಡಿದರು.

ರೂತ್ ಅವರಿಗೆ ಯಾವ ಅಡುಗೆಯೂ ಮರೆತಿರಲಿಲ್ಲ. ಒಂದೊಂದನ್ನೇ ಮಾಡೆಂದರೆ ಮಾಡುತ್ತಿದ್ದರು. ಯಾವುದು ಮೊದಲು, ಯಾವುದು ಆಮೇಲೆ, ಇದು ಬೇಯುವಷ್ಟರಲ್ಲಿ ಅದನ್ನು ಹೆಚ್ಚಿಡಬೇಕು ಎಂದು ಅನೇಕ ಕೆಲಸಗಳನ್ನು ಒಂದು ದಾರದಲ್ಲಿ ಪೋಣಿಸುವ ಶಕ್ತಿ ಮಾತ್ರ ಕೈಬಿಟ್ಟಿತ್ತು. ಹಬ್ಬದ ದಿನ ಹೂರಣ ರುಬ್ಬುತ್ತಲೇ ಅನ್ನದ ಕಡೆ ಒಂದು ಕಣ್ಣಿಟ್ಟು, ಮಧ್ಯೆ ಬಾಗಿಲಿಗೆ ಬಂದವರನ್ನೂ ಮಾತನಾಡಿಸಿ ಕಳುಹಿಸುವ ನಮ್ಮ ಮನೆಯ ಹೆಂಗಸರು ಎಂಥ ಬೌದ್ಧಿಕ ಕೆಲಸ ಮಾಡುತ್ತಾರೆ ಎಂಬುದನ್ನು ನಾವು ಯೋಚಿಸಿಯೇ ಇರುವುದಿಲ್ಲ. ಪೆನ್‌ಫೀಲ್ಡ್ ಯೋಚಿಸಿದರು. ಸಹವೈದ್ಯ ಜೋಸೆಫ್ ಇವಾನ್ಸ್ ಅವರೊಡನೆ 1935ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪ್ರಸಂಗವನ್ನು ದಾಖಲಿಸಿ, ಯೋಜನೆ ಹಾಕಿ ಕೆಲಸವನ್ನು ನಡೆಸಿಕೊಂಡು ಹೋಗುವ ಸಾಮರ್ಥ್ಯ ಕುಂದಿದೆಯೆಂದು ಬರೆದರು. ಅಷ್ಟರಲ್ಲಿ ಗಡ್ಡೆ ಮರುಕಳಿಸಿ ರೂತ್ 1931ರಲ್ಲಿ ತೀರಿಕೊಂಡಿದ್ದರು.

ಊರುಗಳಲ್ಲ, ಹಾದಿಗಳು

ರೂತ್ ಅವರ ಕಥೆ ಕೇಳಿದವರು, ಯೋಜನಾಶಕ್ತಿ ಹಣೆಭಾಗದಲ್ಲಿದೆ, ಅದನ್ನು ಕತ್ತರಿಸಿದ್ದರಿಂದ ಹೋಯಿತು ಎನ್ನಬಹುದು. ಹತ್ತೊಂಬತ್ತನೆಯ ಶತಮಾನದಿಂದಲೂ ವೈದ್ಯರು ಬಹುಮಟ್ಟಿಗೆ ಹೀಗೆಯೇ ನಂಬಿದ್ದರು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ "ಟಾನ್" ಎಂಬ ಒಂದೇ ಉಲಿಯನ್ನು ಬಿಟ್ಟು ಬೇರೇನನ್ನೂ ನುಡಿಯಲಾರದೆ ಇಪ್ಪತ್ತೊಂದು ವರ್ಷ ಆಸ್ಪತ್ರೆಯಲ್ಲೇ ಕಳೆದಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿದರು. ಎಡ ಹಣೆಭಾಗದ ಒಂದು ಎಡೆಯಲ್ಲಿ ಹಾನಿ ಕಂಡು, ಮಾತನ್ನು ಹೊರಡಿಸುವ ನೆಲೆ ಇದೇ ಎಂದರು. ಪಠ್ಯಪುಸ್ತಕಗಳು ಆ ಜಾಗವನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತವೆ. ಆದರೆ ಆ ಮಿದುಳನ್ನು ಜಾಡಿಯಲ್ಲಿ ಕಾಪಿಟ್ಟಿದ್ದರು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದನ್ನೇ ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿದಾಗ, ಹಾನಿ ಮೇಲ್ಪದರದಲ್ಲಿ ನಿಲ್ಲದೆ ಆಳಕ್ಕಿಳಿದು, ಮಿದುಳಿನ ಹಿಂಭಾಗ ಮುಂಭಾಗಗಳನ್ನು ಜೋಡಿಸುವ ನರತಂತುಗಳ ಕಟ್ಟುಗಳನ್ನೂ ಕಡಿದುಹಾಕಿತ್ತೆಂದು ತಿಳಿಯಿತು. ಅಂದರೆ ಆ ರೋಗಿ ಕಳೆದುಕೊಂಡದ್ದು ಊರನ್ನು ಮಾತ್ರವಲ್ಲ, ಊರಿಗೆ ಹೋಗುವ ಹಾದಿಯನ್ನೂ.

ಮನುಷ್ಯನ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶಗಳು ಗುಂಪುಗೂಡಿದ ಬೂದುಬಣ್ಣದ ಹೊರಪದರವೇ ನಮ್ಮ ಬುದ್ಧಿಯ ನೆಲೆಯೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಅದರ ಅಡಿಯ ಬಿಳಿಯ ಭಾಗವೆಲ್ಲ ಬರಿಯ ತಂತುಗಳು, ಒಂದು ಎಡೆಯ ಸಂದೇಶವನ್ನು ಇನ್ನೊಂದು ಎಡೆಗೆ ಒಯ್ಯುವ ಹಾದಿಗಳು. ಎಡ ಬಲ ಗೋಳಾರ್ಧಗಳನ್ನು ಜೋಡಿಸುವ ಒಂದು ಸೇತುವೆಯಲ್ಲಿಯೇ ಸುಮಾರು 20 ಕೋಟಿ ತಂತುಗಳಿವೆ.

ಈ ಹಾದಿಗಳಲ್ಲಿ ಯಾವ ಎಡೆ ಯಾವ ಎಡೆಯೊಡನೆ ಮಾತನಾಡುತ್ತಿದೆ ಎಂಬುದನ್ನು ಬದುಕಿರುವ ಮನುಷ್ಯನಲ್ಲೇ ನೋಡುವ ದಾರಿಯನ್ನು ತೆರೆದವರಲ್ಲಿ ಭಾರತೀಯ ಮೂಲದ ವಿಜ್ಞಾನಿ ಭರತ್ ಬಿಸ್ವಾಲ್ ಪ್ರಮುಖರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಅವರು, ಏನನ್ನೂ ಮಾಡದೆ ಸುಮ್ಮನೆ ಮಲಗಿದ್ದವರ ಮಿದುಳನ್ನು ಎಂ.ಆರ್.ಐ. ಯಂತ್ರದಲ್ಲಿ ಗಮನಿಸಿದರು. ಎಡಗೈಯನ್ನು ಆಡಿಸುವ ಭಾಗ ಮತ್ತು ಬಲಗೈಯನ್ನು ಆಡಿಸುವ ಭಾಗ ದೂರದೂರವಿದ್ದರೂ, ಕೈಗಳು ಅಲುಗಾಡದಿದ್ದರೂ, ಅವುಗಳ ಚಟುವಟಿಕೆ ಒಂದೇ ಲಯದಲ್ಲಿ ಏರಿಳಿಯುತ್ತಿತ್ತು. 1995ರಲ್ಲಿ ಅವರು ಇದನ್ನು ಪ್ರಕಟಿಸಿದಾಗ, ಯಂತ್ರದ ಗದ್ದಲವೋ ಉಸಿರಾಟದ ಪರಿಣಾಮವೋ ಇರಬೇಕೆಂದು ಅನುಮಾನಿಸಿದವರು ಹಲವರು. ಇಂದು ಅದೇ ಒಂದು ಶಾಖೆಯಾಗಿ ಬೆಳೆದಿದೆ. ಗಮನಕ್ಕೊಂದು, ಯೋಜನೆಗೊಂದು, ಭಾಷೆಗೊಂದು, ತನ್ನೊಳಗೆ ತಾನು ಮುಳುಗಿರುವ ಸ್ಥಿತಿಗೊಂದು ಎಂಬಂತೆ ಮಿದುಳಿನಲ್ಲಿ ಅನೇಕ ಜಾಲಗಳನ್ನು ಗುರುತಿಸಿದ್ದಾರೆ.

ಜಾಲವೆಂದರೆ ರೈಲುಮಾರ್ಗಗಳನ್ನು ನೆನೆಯಬಹುದು. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮೂರೂ ಕಡೆಯ ಹಳಿಗಳು ಅರಸೀಕೆರೆಯಲ್ಲಿ ಕೂಡುತ್ತವೆ. ಅಲ್ಲಿ ಒಂದು ಗೂಡ್ಸ್ ಗಾಡಿ ಹಳಿತಪ್ಪಿದರೆ ಹುಬ್ಬಳ್ಳಿಯ ನಿಲ್ದಾಣದಲ್ಲಿ ಕುಳಿತವರು ಗಂಟೆಗಟ್ಟಲೆ ಕಾಯುತ್ತಾರೆ. ಹುಬ್ಬಳ್ಳಿಯ ನಿಲ್ದಾಣದಲ್ಲಿ ಏನೂ ಕೆಟ್ಟಿರುವುದಿಲ್ಲ. ಮಿದುಳಿನಲ್ಲಿಯೂ ಇಂಥ ಕೂಡುನೆಲೆಗಳಿವೆ. ಗಡ್ಡೆ ಅಂಥ ನೆಲೆಯನ್ನೋ ಅದರ ಹಾದಿಯನ್ನೋ ತಾಕಿದರೆ, ಸ್ಕ್ಯಾನಿನಲ್ಲಿ ನಿರ್ಮಲವಾಗಿ ಕಾಣುವ ದೂರದ ಭಾಗವೂ ತನ್ನ ಕೆಲಸದಲ್ಲಿ ಎಡವುತ್ತದೆ. ಹೀಗಾಗುತ್ತದೆಂದು ನರತಜ್ಞ ಕಾನ್‌ಸ್ಟಂಟಿನ್ ಫಾನ್ ಮೊನಾಕೊವ್ 1914ರಲ್ಲಿಯೇ ವಾದಿಸಿದ್ದರು. ನೋಡುವ ಸಾಧನ ಆಗ ಇರಲಿಲ್ಲ.

ಆಮ್‌ಸ್ಟರ್‌ಡಾಮಿನ ಸಾಕ್ಷ್ಯ

ಮಿದುಳಿನ ಗಡ್ಡೆಯುಳ್ಳವರ ಆಲೋಚನಾಶಕ್ತಿಯನ್ನು ಅತ್ಯಂತ ತಾಳ್ಮೆಯಿಂದ ಅಳೆದು ನೋಡಿದವರಲ್ಲಿ ನೆದರ್ಲೆಂಡಿನ ಆಮ್‌ಸ್ಟರ್‌ಡಾಮಿನ ವೈದ್ಯರು ಮುಖ್ಯರು. ಗ್ಲಿಯೋಮಾ ಎಂಬುದು ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳ ಬಗೆಯ ಗಡ್ಡೆ. ಅದರಲ್ಲಿ ನಿಧಾನವಾಗಿ ಬೆಳೆಯುವ ಬಗೆಯವರು ಹಲವು ವರ್ಷ ಬದುಕುತ್ತಾರೆ. ಆದ್ದರಿಂದ ಆ ವರ್ಷಗಳನ್ನು ಹೇಗೆ ಬದುಕುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ಮಾರ್ಟಿನ್ ಕ್ಲೈನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 195 ರೋಗಿಗಳಿದ್ದರು. ಅವರನ್ನು ಆರೋಗ್ಯವಂತರೊಡನೆ ಹೋಲಿಸಿದ್ದು ಸರಿಯೇ. ಆದರೆ ಕ್ಯಾನ್ಸರ್ ಎಂಬ ಭಯದಿಂದಲೇ ಮನಸ್ಸು ಮಂಕಾಗಿರಬಹುದಲ್ಲವೇ? ಆ ಸಂಶಯ ತೀರಲೆಂದು, ಅಷ್ಟೇ ನಿಧಾನವಾಗಿ ಬೆಳೆಯುವ ರಕ್ತಸಂಬಂಧಿ ಕ್ಯಾನ್ಸರಿನ 100 ಜನರನ್ನೂ ಪಕ್ಕದಲ್ಲಿಟ್ಟು ನೋಡಿದರು. ಮಿದುಳಿನ ಗಡ್ಡೆಯವರು ಈ ಇಬ್ಬರಿಗಿಂತಲೂ ಹಿಂದುಳಿದರು. ಹೀಗಾಗಿ ಕೊರತೆ ಬರಿಯ ಭಯದಿಂದ ಬಂದದ್ದಲ್ಲ. ವಿಕಿರಣ ಚಿಕಿತ್ಸೆಯ ಪ್ರತಿ ಸರದಿಯ ಪ್ರಮಾಣ 2 ಗ್ರೇ ಮೀರಿದವರಲ್ಲಿ ನೆನಪಿನ ಶಕ್ತಿ ಕುಂದಿತ್ತು. ಮೂರ್ಛೆ ತಡೆಯುವ ಔಷಧ ಸೇವಿಸುತ್ತಿದ್ದವರಲ್ಲಿ ಗಮನ ಮತ್ತು ಯೋಜನೆಯ ಶಕ್ತಿ ತಗ್ಗಿತ್ತು. ಇದೇ ತಂಡ 2009ರಲ್ಲಿ, ಸರಾಸರಿ 12 ವರ್ಷ ಕಳೆದಿದ್ದ 65 ಜನರನ್ನು ಮತ್ತೆ ಪರೀಕ್ಷಿಸಿದಾಗ, ವಿಕಿರಣ ಪಡೆದವರಲ್ಲಿ ಪ್ರಮಾಣ ಸುರಕ್ಷಿತವೆನಿಸಿದ್ದರೂ ಗಮನಶಕ್ತಿ ಕ್ರಮೇಣ ಇಳಿದಿತ್ತು.

ಇದರ ನಡುವೆ 2006ರಲ್ಲಿ ಅಲ್ಲಿನ ಸಂಶೋಧಕರು ಮಿದುಳಿನ ಸೂಕ್ಷ್ಮ ಕಾಂತಕ್ಷೇತ್ರವನ್ನು ಅಳೆಯುವ ಯಂತ್ರದಿಂದ ಗಡ್ಡೆಯುಳ್ಳವರ ಜಾಲಗಳನ್ನು ನೋಡಿದರು. ಗಡ್ಡೆ ಒಂದು ಪಕ್ಕದಲ್ಲಿದ್ದರೂ ಏರುಪೇರು ಎರಡೂ ಪಕ್ಕದಲ್ಲಿ ಕಂಡಿತು. ನನ್ನ ಮಟ್ಟಿಗೆ ಈ ಒಂದು ಚಿತ್ರವೇ ಮನೆಯವರ ದೂರಿಗೆ ಸಿಕ್ಕ ಉತ್ತರ. ಗಡ್ಡೆ ಕೈಯ ಭಾಗದಲ್ಲಿತ್ತು, ಲೆಕ್ಕ ಏಕೆ ತಪ್ಪಬೇಕು ಎಂದು ಕೇಳುವವರಿಗೆ ಇನ್ನೇನು ಹೇಳುವುದು!

ಗ್ಲಿಯೋಮಾದ ಇನ್ನೊಂದು ಸ್ವಭಾವವೂ ಇಲ್ಲಿ ಸೇರುತ್ತದೆ. ಅದು ಮಾವಿನ ಓಟೆಯ ಹಾಗೆ ಒಂದೆಡೆ ಗಟ್ಟಿಯಾಗಿ ಕೂರುವುದಿಲ್ಲ, ಬಿಳಿ ತಂತುಗಳ ಹಾದಿ ಹಿಡಿದು ಹಬ್ಬುತ್ತದೆ. ಅಮೆರಿಕದ ವಾಲ್ಟರ್ ಡ್ಯಾಂಡಿ 1928ರಲ್ಲಿ, ಗಡ್ಡೆಗಾಗಿ ಇಡೀ ಬಲ ಗೋಳಾರ್ಧವನ್ನೇ ತೆಗೆದ ಪ್ರಯತ್ನಗಳನ್ನು ವರದಿ ಮಾಡಿದ್ದರು. ಅಷ್ಟು ತೆಗೆದರೂ ರೋಗ ಬಿಡಲಿಲ್ಲ. 2019ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜರ್ಮನಿಯ ಹೈಡೆಲ್‌ಬರ್ಗ್‌ನ ಎರಡು ತಂಡಗಳು ಇನ್ನೂ ಬೆರಗಿನ ಸಂಗತಿಯನ್ನು ತೋರಿಸಿದವು: ಗ್ಲಿಯೋಮಾದ ಕೋಶಗಳು ಆರೋಗ್ಯವಂತ ನರಕೋಶಗಳೊಡನೆ ನಿಜವಾದ ನರಸಂಧಿಗಳನ್ನೇ ಕಟ್ಟಿಕೊಂಡು, ಅವುಗಳ ವಿದ್ಯುತ್ ಸಂದೇಶವನ್ನು ತಮ್ಮ ಬೆಳವಣಿಗೆಗೆ ಬಳಸಿಕೊಳ್ಳುತ್ತವೆ. ಆಲೋಚನೆಯ ಹಾದಿಗಳ ನಡುವೆ ಬಂದು ನಿಂತ ಬಂಡೆಯಲ್ಲ ಅದು. ಹಾದಿಯ ಸಂಚಾರದಲ್ಲಿ ಪಾಲು ಕೇಳುವ ಪಾಲುದಾರ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತಂಡವೊಂದು, ಉಗ್ರ ಬಗೆಯ ಗಡ್ಡೆ ಉಳಿದ ಮಿದುಳಿನೊಡನೆ ಎಷ್ಟು ಗಾಢವಾಗಿ ಬೆಸೆದುಕೊಂಡಿರುತ್ತದೋ ಅಷ್ಟೂ ರೋಗಿಯ ಭಾಷಾಶಕ್ತಿಯೂ ಆಯುಷ್ಯವೂ ಕುಗ್ಗುತ್ತವೆಂದು ವರದಿ ಮಾಡಿತು. ನರನೋವಿಗೆ ಕೊಡುವ ಗಾಬಾಪೆಂಟಿನ್ ಎಂಬ ಹಳೆಯ ಔಷಧ ಈ ಬೆಸುಗೆಯನ್ನು ಇಲಿಗಳಲ್ಲಿ ಸಡಿಲಿಸಿತು. ಇಲಿಗಳಲ್ಲಿ ಎಂಬ ಮಾತನ್ನು ಓದುಗರು ಎರಡು ಸಲ ಓದಿಕೊಳ್ಳಬೇಕು. ಔಷಧದಂಗಡಿಗೆ ಹೋಗಿ ತಾವೇ ಕೊಂಡು ಸೇವಿಸುವ ಸಾಹಸ ಬೇಡ.

ಮಿದುಳಿನ ತಾಳ್ಮೆ

ಇಷ್ಟೆಲ್ಲ ಕೇಳಿ ಎದೆಗುಂದಬೇಕಾಗಿಲ್ಲ. ಜಾಲಕ್ಕೆ ಕೆಡುವ ಗುಣವಿರುವಂತೆ ಸುತ್ತುಹಾದಿ ಹುಡುಕುವ ಗುಣವೂ ಇದೆ. ಪಾರ್ಶ್ವವಾಯು ಒಂದೇ ಏಟಿಗೆ ಬಡಿಯುವುದರಿಂದ ಮಿದುಳಿಗೆ ಸಿದ್ಧವಾಗಲು ಸಮಯವಿರುವುದಿಲ್ಲ. ನಿಧಾನದ ಗಡ್ಡೆ ವರ್ಷಗಟ್ಟಲೆ ಬೆಳೆಯುವಾಗ ಮಿದುಳು ಆ ಜಾಗದ ಕೆಲಸವನ್ನು ಮೆಲ್ಲನೆ ಪಕ್ಕಕ್ಕೋ ಎದುರು ಗೋಳಾರ್ಧಕ್ಕೋ ಸಾಗಿಸುತ್ತದೆ. ಮಾತಿನ ನೆಲೆಯೆಂದು ಪಠ್ಯಪುಸ್ತಕ ಹೇಳುವಲ್ಲೇ ಗಡ್ಡೆಯಿದ್ದರೂ ಸರಾಗವಾಗಿ ಮಾತನಾಡುವ ರೋಗಿಗಳಿರುವುದು ಈ ಕಾರಣದಿಂದ. ಫ್ರಾನ್ಸಿನ ಮಾಂಪೆಲಿಯೆ ನಗರದ ಶಸ್ತ್ರವೈದ್ಯ ಯೂಗ್ ಡ್ಯುಫೋ ಇದನ್ನೇ ನೆಚ್ಚಿ ಬಹಳ ಕೆಲಸ ಮಾಡಿದ್ದಾರೆ. ರೋಗಿಯನ್ನು ಎಚ್ಚರವಾಗಿಟ್ಟೇ ಮಿದುಳನ್ನು ತೆರೆಯುತ್ತಾರೆ. ಮಿದುಳಿಗೆ ನೋವಿನ ಅರಿವಿಲ್ಲ, ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕು. ಚಿತ್ರ ತೋರಿಸಿ ಹೆಸರು ಹೇಳಿಸುತ್ತ, ಸಣ್ಣ ವಿದ್ಯುತ್ ತಾಗಿಸುತ್ತ ಹೋಗುತ್ತಾರೆ. ಎಲ್ಲಿ ತಾಗಿಸಿದರೆ ನಾಲಿಗೆ ತಡವರಿಸುವುದೋ ಆ ಎಡೆಯನ್ನೂ ಅದರ ಅಡಿಯ ತಂತುಗಳನ್ನೂ ಬಿಡುತ್ತಾರೆ. ಹೀಗೆ ಎಚ್ಚರದಲ್ಲಿ ನಡೆಸುವ ಶಸ್ತ್ರಚಿಕಿತ್ಸೆ ಭಾರತದಲ್ಲಿಯೂ ನಡೆಯುತ್ತಿದೆ.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಮಾತುಂಟು. ಎರಡು ಭಾಷೆ ಬಲ್ಲವರಲ್ಲಿ ಒಂದು ಎಡೆಗೆ ವಿದ್ಯುತ್ ತಾಗಿಸಿದಾಗ ಒಂದು ಭಾಷೆ ಮಾತ್ರ ತಡೆದು, ಇನ್ನೊಂದು ಸರಾಗವಾಗಿ ಬರಬಹುದೆಂದು ಅಮೆರಿಕದ ಜಾರ್ಜ್ ಓಜ್‌ಮನ್ ಮತ್ತು ಹ್ಯಾರಿ ವಿಟೇಕರ್ 1978ರಲ್ಲಿ ತೋರಿಸಿದ್ದರು. ನಮ್ಮಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಅಥವಾ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಬದುಕುವವರೇ ಹೆಚ್ಚು. ಇಂಗ್ಲಿಷಿನಲ್ಲಿ ಚಿತ್ರ ಗುರುತಿಸಿದ ಮಾತ್ರಕ್ಕೆ ತಾಯಿಯೊಡನೆ ಆಡುವ ಮಾತು ಉಳಿಯಿತೆನ್ನುವಂತಿಲ್ಲ. ರೋಗಿ ಯಾವ ಯಾವ ಭಾಷೆಯಲ್ಲಿ ಬದುಕುತ್ತಾನೆ, ಯಾವುದರಲ್ಲಿ ಲೆಕ್ಕ ಮಾಡುತ್ತಾನೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಅವರು ಕೇಳದಿದ್ದರೂ ತಿಳಿಸಬೇಕು.

ವಿಕಿರಣದಲ್ಲಿಯೂ ನಾಜೂಕು ಬಂದಿದೆ. ಬೇರೆ ಅಂಗದ ಕ್ಯಾನ್ಸರ್ ಮಿದುಳಿಗೆ ಹರಡಿ, ಇಡೀ ಮಿದುಳಿಗೆ ವಿಕಿರಣ ಕೊಡಬೇಕಾಗಿ ಬಂದವರಲ್ಲಿ, ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಆದಷ್ಟು ತಪ್ಪಿಸಿ, ಜತೆಗೆ ಮೆಮಾಂಟಿನ್ ಔಷಧ ಕೊಟ್ಟರೆ ಆಲೋಚನಾಶಕ್ತಿ ಹೆಚ್ಚು ಉಳಿಯುತ್ತದೆಂದು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಎಲ್ಲರಿಗೂ ಇದು ಒಪ್ಪುವುದಿಲ್ಲ. ಗಡ್ಡೆ ಆ ಭಾಗದ ಹತ್ತಿರವೇ ಇದ್ದರೆ ತಪ್ಪಿಸುವಂತಿಲ್ಲ. ಆದರೂ "ನನಗೆ ಇದು ಸಾಧ್ಯವೇ?" ಎಂದು ಕೇಳುವ ಹಕ್ಕು ರೋಗಿಗಿದೆ.

ಮನೆಯಲ್ಲಿ

ಲಕ್ಷಣಗಳ ಬಗ್ಗೆ ಎರಡು ಮಾತು. ತಲೆನೋವೆಲ್ಲ ಗಡ್ಡೆಯಲ್ಲ, ಬಹುಪಾಲು ತಲೆನೋವುಗಳಿಗೂ ಗಡ್ಡೆಗೂ ಸಂಬಂಧವೇ ಇಲ್ಲ. ವಯಸ್ಕರಲ್ಲಿ ಮೊದಲ ಸಲ ಬಂದ ಮೂರ್ಛೆ, ಬೆಳಗಿನ ಹೊತ್ತು ವಾಂತಿಯೊಡನೆ ಬರುವ ಹೊಸ ತಲೆನೋವು, ಒಂದು ಪಕ್ಕದ ಕೈಕಾಲು ಕ್ರಮೇಣ ಸೋಲುವುದು, ಮಾತು ತಡವರಿಸುವುದು, ಸ್ವಭಾವ ಬದಲಾಗುವುದು: ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ನರತಜ್ಞರನ್ನು ಕಾಣಬೇಕು. ಮೂರ್ಛೆ ಬಂದವರ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇನ್ನೂ ನಿಂತಿಲ್ಲ. ಅದರಿಂದ ಪ್ರಯೋಜನವಿಲ್ಲ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಕಾಯಬೇಕು; ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಔಷಧದಿಂದ ಮಂಪರು ಬರುತ್ತದೆಂದು ಅದನ್ನು ತಾವೇ ನಿಲ್ಲಿಸುವುದು ಅಪಾಯ. ಬೇರೆ ಔಷಧಗಳಿವೆ, ಬದಲಿಸಲು ವೈದ್ಯರನ್ನೇ ಕೇಳಬೇಕು.

ಆಲೋಚನಾಶಕ್ತಿಯ ಪರೀಕ್ಷೆಯನ್ನು ಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಕಾಲಕಾಲಕ್ಕೆ ಮಾಡಿಸುವುದು ಒಳ್ಳೆಯದು. ಇಂದು ಯಾವ ವಾರ, ಯಾವ ಊರು ಎಂದು ಕೇಳುವ ಐದು ನಿಮಿಷದ ಪರೀಕ್ಷೆಯಲ್ಲಿ ಇಂಥ ರೋಗಿಗಳು ಬಹಳ ಸಲ ಪೂರ್ಣ ಅಂಕ ಪಡೆದುಬಿಡುತ್ತಾರೆ. ರೂತ್ ಅವರೂ ಪಡೆಯುತ್ತಿದ್ದರೇನೋ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2004ರಲ್ಲಿ ನಮ್ಮವರಿಗೆ ಹೊಂದುವಂತೆ ನರಮನೋವೈಜ್ಞಾನಿಕ ಪರೀಕ್ಷೆಗಳ ಒಂದು ಕಟ್ಟನ್ನು ಹೊರತಂದಿದೆ. ಓದುಬರಹದ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡು ಗಮನ, ವೇಗ, ಯೋಜನೆ, ಕಲಿಕೆ, ನೆನಪು ಎಲ್ಲವನ್ನೂ ಬೇರೆಬೇರೆಯಾಗಿ ಅಳೆಯುವ ಕ್ರಮವದು. ಖಿನ್ನತೆ, ನಿದ್ರೆಯ ಕೊರತೆ, ಊತ ಇಳಿಸುವ ಸ್ಟಿರಾಯ್ಡ್ ಔಷಧ ಇವು ಕೂಡ ಬುದ್ಧಿಯನ್ನು ಮಂಕಾಗಿಸುತ್ತವೆ, ಮತ್ತು ಇವುಗಳಲ್ಲಿ ಹಲವಕ್ಕೆ ಪರಿಹಾರವಿದೆ. ಆದ್ದರಿಂದ ಅಳೆದು ತಿಳಿಯುವುದು ಬರಿಯ ಕುತೂಹಲಕ್ಕಲ್ಲ.

ತರಬೇತಿಯಿಂದಲೂ ಫಲವುಂಟು. ನೆದರ್ಲೆಂಡಿನಲ್ಲಿ ಗ್ಲಿಯೋಮಾದ 140 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೆಲವು ವಾರ ಗಮನದ ಅಭ್ಯಾಸವನ್ನೂ ಕೊರತೆಯೊಡನೆ ಹೊಂದಿಕೊಳ್ಳುವ ಉಪಾಯಗಳನ್ನೂ ಕಲಿತವರು, ಆರು ತಿಂಗಳ ಮೇಲೆ ಗಮನದಲ್ಲಿ ಹಾಗೂ ಮಾತಿನ ನೆನಪಿನಲ್ಲಿ ಕಲಿಯದವರಿಗಿಂತ ಮುಂದಿದ್ದರು. ಆ ಉಪಾಯಗಳು ಸರಳ. ಒಂದು ಸಲಕ್ಕೆ ಒಂದೇ ಕೆಲಸ. ಕೆಲಸದ ಹಂತಗಳನ್ನು ಬರೆದು ಕಣ್ಣೆದುರು ತೂಗುಹಾಕುವುದು. ಕಷ್ಟದ ಕೆಲಸ ಬೆಳಗಿನ ಹೊತ್ತಿಗೆ. ಮಾತನಾಡುವಾಗ ಟಿ.ವಿ. ಬಂದ್. ನಡುವೆ ವಿಶ್ರಾಂತಿ, ಅದಕ್ಕೆ ನಾಚಿಕೆ ಬೇಡ. ಹಣದ ವ್ಯವಹಾರಕ್ಕೆ, ಸಹಿ ಹಾಕುವ ಕಾಗದಗಳಿಗೆ ನಂಬಿಕೆಯ ಇನ್ನೊಬ್ಬರು ಜತೆಗಿರಲಿ. ವಾಹನ ನಡೆಸುವುದನ್ನು ವೈದ್ಯರು ಒಪ್ಪುವವರೆಗೆ ಬಿಡಬೇಕು. ಅಡುಗೆಯಿಂದ, ಅಂಗಡಿಯಿಂದ, ಹೊಲದಿಂದ ಅವರನ್ನು ಪೂರ್ತಿ ಹೊರಗಿಡುವುದು ಮಾತ್ರ ನನಗೆ ಸರಿಕಾಣದು. ರೂತ್ ಅವರಿಗೆ ಆ ಸಂಜೆ ಬೇಕಾಗಿದ್ದದ್ದು ಪಕ್ಕದಲ್ಲಿ ನಿಂತು, ಈಗ ಇದನ್ನು ಒಲೆಗೇರಿಸೋಣ ಎನ್ನುವ ಒಬ್ಬರು.

ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮುನ್ನ ಮನೆಯವರು ಒಂದು ಪುಟದಲ್ಲಿ ಬರೆದುಕೊಳ್ಳಲಿ: ಯಾವ ಕೆಲಸ ಮೊದಲು ಮಾಡುತ್ತಿದ್ದರು, ಈಗ ಯಾವ ಹಂತದಲ್ಲಿ ನಿಲ್ಲುತ್ತಾರೆ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು ತಪ್ಪುತ್ತದೆ, ಯಾವ ಔಷಧ ಆರಂಭವಾದ ಮೇಲೆ ಬದಲಾಯಿತು. "ಸೋಮಾರಿ" ಎಂಬ ಪದವನ್ನು ಬಳಸದೆ ಬರೆಯಲಿ. ಆ ಪುಟವನ್ನು ರೋಗಿಗೂ ಓದಿ ಹೇಳಿ, ಅವರು ಒಪ್ಪದ ಸಾಲನ್ನು ಅವರ ಮಾತಿನಲ್ಲೇ ತಿದ್ದಿ, ಸ್ಕ್ಯಾನಿನ ಲಕೋಟೆಯೊಳಗೇ ಇಟ್ಟುಕೊಂಡು ಹೋಗಲಿ.